ಹಳ್ಳಕ್ಕೆ ಬಿಟ್ಟ ನೀರು

ಬಿಜ್ಜರಗಿ ಹಳ್ಳದ ದಂಡೆಯಲ್ಲಿ ಕುರಿ ಕಾಯುವ ಗೊಲ್ಲಾಳಪ್ಪ ತನ್ನ ಹಿಂಡನ್ನು ನೀರಿನತ್ತ ಅಟ್ಟಿ ತೋರಿಸಿದ. ಮುಂದಿದ್ದ ಕುರಿಗಳು ಮೂಸಿ ನೋಡಿ ಹಿಂದೆ ಸರಿದವು.

“ದ್ರಾಕ್ಷಿ ಸುಗ್ಗಿ ಬಂತಂದ್ರ ಹಿಂಗ ನೋಡ್ರಿ. ಬಾಯಿ ಹಚ್ಚಂಗಿಲ್ಲ. ಹೋದ ವರ್ಷ ಮೂರು ಮರಿ ಕುಡದು ಹೊಟ್ಟಿ ಉಬ್ಬಿ ಸತ್ತುವು.”

ಕೇಳುತ್ತ ನಿಂತಿದ್ದವರು ವಿಜಯಪುರದ ಕಾನೂನು ಕಾಲೇಜಿನ ಐದು ಜನ ವಿದ್ಯಾರ್ಥಿಗಳು. ಪರಿಸರ ಕಾನೂನು ಕಲಿಸುವ ಪ್ರಾಚಿ ಮೇಡಂ, ಕಲಮುಗಳನ್ನು ಬಾಯಿಪಾಠ ಮಾಡಿದ್ದು ಸಾಕು, ಒಂದು ನಿಜವಾದ ದೂರು ಬರೆದು ತನ್ನಿ ಎಂದಿದ್ದರು. ಬಾಬಲೇಶ್ವರದ ತಸ್ಲೀಮ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದಳು. ತಿಕೋಟಾದ ವಿದ್ಯಾವತಿ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು.

ಹಳ್ಳದ ಮೇಲ್ಭಾಗದಲ್ಲಿ ಒಣದ್ರಾಕ್ಷಿ ಮಾಡುವ ಶೆಡ್ಡುಗಳಿದ್ದವು. ಔಷಧಿ ಬೆರೆಸಿದ ನೀರಿನಲ್ಲಿ ದ್ರಾಕ್ಷಿ ಅದ್ದಿ ಬಲೆಯ ಮೇಲೆ ಹರವುತ್ತಾರೆ. ಉಳಿದ ನೀರು ಪೈಪಿನಿಂದ ನೇರ ಹಳ್ಳಕ್ಕೆ. ಮೊದಲ ಮೂರು ಪೈಪು ಯಾರವೆಂದು ಗೊಲ್ಲಾಳಪ್ಪನೇ ಹೇಳಿದ. ನಾಲ್ಕನೆಯದರ ಹತ್ತಿರ ಬಂದಾಗ ವಿದ್ಯಾವತಿಯ ಮುಖ ನೋಡಿ ಸುಮ್ಮನಾದ.

“ಇದು ಯಾರದ್ರಿ ಕಾಕಾ?” ತಸ್ಲೀಮ ಕೇಳಿದಳು.

“ನನಗ ಗೊತ್ತಿಲ್ಲವ್ವಾ.”

ಅದು ವಿದ್ಯಾವತಿಯ ತಂದೆ ಶಿವಶರಣಪ್ಪನ ಶೆಡ್ಡು. ಪ್ರತಿ ವರ್ಷ ಗೊಬ್ಬರಕ್ಕೆಂದು ರಾತ್ರಿ ಅದೇ ಹೊಲದಲ್ಲಿ ಕುರಿ ತರುಬುವ ಗೊಲ್ಲಾಳಪ್ಪನಿಗೆ ಅದು ಗೊತ್ತಿರದೆ ಇರಲು ಸಾಧ್ಯವಿರಲಿಲ್ಲ. ಅವಳು ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದು ಪುಟ ಮಗುಚಿದಳು. ಐದು, ಆರು, ಏಳನೆಯ ಪೈಪುಗಳ ಮಾಲೀಕರ ಹೆಸರು ಬರೆದುಕೊಂಡಳು.

ಮನೆಯಲ್ಲಿ ಊಟಕ್ಕೆ ಕುಳಿತಾಗ ಅವಳು ತಂದೆಯನ್ನು ಕೇಳಿದಳು.

“ಯಪ್ಪಾ, ನಮ್ಮ ಶೆಡ್ಡಿನ ನೀರು ಹಳ್ಳಕ್ಕ ಯಾಕ ಬಿಡ್ತೀರಿ?”

“ಎಲ್ಲಾರೂ ಬಿಡತಾರ. ಬಟ್ಟಿ ತೊಳದ ಸಬಕಾರದ ನೀರಿದ್ದಂಗ ಅದು. ಯಾಕ?”

“ಕುರಿ ಸತ್ತಾವಂತ.”

“ಕುರಿ ಸಾಯಾಕ ನೂರು ಕಾರಣ ಇರತಾವ,” ಎಂದು ಅವನು ಮಜ್ಜಿಗೆ ಸುರಿದುಕೊಂಡ.

ಎರಡು ದಿನ ಅವಳು ಕ್ಲಾಸಿನಲ್ಲಿ ಕುಳಿತರೂ ಕುಳಿತಂತೆ ಇರಲಿಲ್ಲ. ದೂರು ಟೈಪು ಮಾಡಿಸಲು ಗಾಂಧಿ ಚೌಕಕ್ಕೆ ಹೋದಾಗ ಅಂಗಡಿಯ ಮೆಟ್ಟಿಲು ಮೂರು ಸಲ ಹತ್ತಿ ಇಳಿದಳು. ಕೊನೆಗೆ ತಸ್ಲೀಮಳ ಕೈಯಿಂದ ಕಾಗದ ತೆಗೆದುಕೊಂಡು ಖಾಲಿ ಜಾಗದಲ್ಲಿ ತಂದೆಯ ಹೆಸರು ಬರೆದಳು. ತಸ್ಲೀಮ ಅದನ್ನು ಓದಿ ಪೆನ್ನು ತನ್ನ ಕೈಗೆ ತೆಗೆದುಕೊಂಡಳು.

“ನೀ ಸಹಿ ಮಾಡಬ್ಯಾಡ ವಿದ್ಯಾ. ನಾವು ನಾಲ್ಕು ಮಂದಿ ಮಾಡ್ತೀವಿ.”

“ಬ್ಯಾಡ, ನಾನೂ ಮಾಡ್ತೇನಿ.”

ಅವತ್ತೇ ತಂದೆಗೆ ಹೇಳಿದಳು. ಅವನು ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊಲಕ್ಕೆ ಹೋದ. ಆಮೇಲೆ ಮಗಳಿಗೆ ಹೇಳಬೇಕಾದದ್ದನ್ನೆಲ್ಲ ಹೆಂಡತಿ ವಿಜಯಲಕ್ಷ್ಮೀಗೆ ಹೇಳತೊಡಗಿದ.

ಮಾಲಿನ್ಯ ತಡೆಯುವ ಕಚೇರಿಯಲ್ಲಿ ದೂರು ಮೇಜಿನಿಂದ ಮೇಜಿಗೆ ಹೋಗಿ ಅಧಿಕಾರಿಗಳು ಸ್ಥಳಕ್ಕೆ ಬರುವಷ್ಟರಲ್ಲಿ ಮೇ ತಿಂಗಳು ಮುಗಿದಿತ್ತು. ಶೆಡ್ಡುಗಳು ಖಾಲಿ, ಪೈಪುಗಳಲ್ಲಿ ಜೇಡರ ಬಲೆ. ಭೇಟಿಯ ವೇಳೆ ಕಲುಷಿತ ನೀರು ಕಂಡುಬಂದಿಲ್ಲ ಎಂದು ಬರೆದುಕೊಂಡು ಹೋದರು. ಪಕ್ಕದ ಶೆಡ್ಡಿನ ರಾಜಾರಾಮ ಚಹಾದಂಗಡಿಯಲ್ಲಿ ಎಲ್ಲರೆದುರು, “ವಕೀಲಮ್ಮ ಸೋತಳಲ್ಲೋ ಶಿವಶರಣಪ್ಪಾ,” ಎಂದು ನಕ್ಕ. ಶಿವಶರಣಪ್ಪ ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಮತ್ತೆ ದೂರು ಕೊಡಬೇಕೆಂದರೆ ದ್ರಾಕ್ಷಿ ಅದ್ದುವ ದಿನ ಮೊದಲೇ ಗೊತ್ತಿರಬೇಕು. ಅದನ್ನು ಯಾರು ಹೇಳುತ್ತಾರೆ? ತಂದೆಯನ್ನು ಕೇಳುವ ಧೈರ್ಯ ಅವಳಿಗಿರಲಿಲ್ಲ. ದೂರಿಗೆ ಸಹಿ ಮಾಡಿದ್ದ ಗೆಳೆಯರಲ್ಲಿ ಇಬ್ಬರು ಪರೀಕ್ಷೆಯ ನೆಪ ಹೇಳಿ ಹಿಂದೆ ಸರಿದರು. ಚಳಿಗಾಲ ಕಳೆಯಿತು. ದಿನಾ ಬಸ್ಸಿನ ಕಿಟಕಿಯಿಂದ ದ್ರಾಕ್ಷಿ ಬಣ್ಣ ತಿರುಗುವುದನ್ನು ನೋಡುತ್ತ ಅವಳು ಉಗುರು ಕಚ್ಚುತ್ತಿದ್ದಳು.

ಫೆಬ್ರುವರಿಯ ಒಂದು ಮಧ್ಯಾಹ್ನ ಕಾಲೇಜಿನಲ್ಲಿದ್ದಾಗ ತಂದೆಯ ಫೋನು ಬಂತು.

“ನಾಳಿಂದ ದ್ರಾಕ್ಷಿ ಅದ್ದತೇವಿ. ಮೂರು ದಿನ ನಡಿತೈತಿ. ಕರಕೊಂಡು ಬಾ ಆ ಸಾಹೇಬ್ರನ್ನ.”

“ನಮ್ಮ ಶೆಡ್ಡಿಗಾ ಯಪ್ಪಾ?”

“ಮತ್ತ್ಯಾರದಕ್ಕ?” ಅವನು ತಡೆದು ಹೇಳಿದ, “ಹಳ್ಳದ ನೀರು ಇಂಗಿ ಹೊಲದ ಬಾವಿನೂ ವಾಸನಿ ಹೊಡ್ಯಾಕತ್ತೈತಿ. ಬ್ಯಾಳಿ ಬೇಯಂಗಿಲ್ಲಂತಾಳ ನಿಮ್ಮವ್ವ.”

ಪ್ರಾಚಿ ಮೇಡಂ ಅಂದೇ ಕಚೇರಿಗೆ ಹೋಗಿ ಕುಳಿತರು. ಮೂರನೆಯ ದಿನ ಅಧಿಕಾರಿಗಳು ಬಂದು ಶಿವಶರಣಪ್ಪನ ಪೈಪಿನಿಂದ ಬಾಟಲಿ ತುಂಬಿಕೊಂಡರು. ಆಮೇಲೆ ಉಳಿದ ಆರು ಪೈಪುಗಳಿಗೂ ಹೋದರು. ತಿಂಗಳೊಳಗೆ ಏಳೂ ಶೆಡ್ಡಿಗೆ ನೋಟಿಸು ಬಂತು. ಹಳ್ಳಕ್ಕೆ ನೀರು ಬಿಡಕೂಡದು, ಪ್ಲಾಸ್ಟಿಕ್ ಹಾಳೆ ಹಾಸಿದ ಗುಂಡಿಯಲ್ಲೇ ನೆಲಕ್ಕೆ ಇಂಗದಂತೆ ಬಿಸಿಲಿಗೆ ಆರಿಸಬೇಕು.

ರಾಜಾರಾಮ ನೋಟಿಸು ಹಿಡಿದು ಮನೆಗೆ ಬಂದ.

“ನಿನ್ನ ಮಗಳಿಂದ ಊರ ಮಂದಿಗೆಲ್ಲ ತ್ರಾಸ.”

“ನನ್ನ ಶೆಡ್ಡಿನ ನೀರು ತಗೊಂಡ ಮ್ಯಾಲ ನಿನ್ನ ಶೆಡ್ಡಿಗೆ ಬಂದಾರ,” ಎಂದ ಶಿವಶರಣಪ್ಪ. “ಕುಂದ್ರು, ಚಹಾ ಕುಡಿ.”

ರಾಜಾರಾಮ ಕೂಡಲಿಲ್ಲ. ಅವನೂ ಇನ್ನು ಮೂವರೂ ವಕೀಲರನ್ನು ಹಿಡಿದು ನೋಟಿಸಿನ ವಿರುದ್ಧ ಕೋರ್ಟಿಗೆ ಹೋದರು. ಅದರ ತಾರೀಖುಗಳು ಇನ್ನೂ ನಡೆದಿವೆ. ಪ್ರತಿ ತಾರೀಖಿಗೂ ವಿದ್ಯಾವತಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂಡುತ್ತಾಳೆ.

ಉಳಿದ ಮೂವರು ಗುಂಡಿ ತೋಡಲು ಒಪ್ಪಿದರು. ಶಿವಶರಣಪ್ಪ ಹೊಲದಲ್ಲಿ ಸುಣ್ಣದ ಗೆರೆ ಹಾಕುತ್ತ ಮಗಳನ್ನು ಕೇಳಿದ, “ಗುಂಡಿ ಎಷ್ಟು ಆಳ ಇರಬೇಕಂತೈತಿ ನಿಮ್ಮ ಕಾನೂನಿನ್ಯಾಗ?”

ಅವಳಿಗೆ ಗೊತ್ತಿರಲಿಲ್ಲ.

“ಕೇಳಿ ಹೇಳ್ತೇನಿ ಯಪ್ಪಾ,” ಎಂದು ಫೋನು ತೆಗೆದಳು.