ಅಪ್ಪನ ಗುರುತಿನ ಚೀಟಿ

ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅಪ್ಪನ ಫೋನಿಗೆ ಬಂದ ಸಂದೇಶಗಳನ್ನು ಓದಿ ಹೇಳುವುದು ಸೊಸೆಯ ಕೆಲಸವಾಗಿತ್ತು. ಬೆಳಗಿನ ಚಹಾದ ಹೊತ್ತಿಗೆ ಎಲ್ಲರೂ ಮೇಜಿನ ಸುತ್ತ ಕೂತಿರುವಾಗ ಅವಳು ವಾರ್ತೆ ಓದುವವರ ಧಾಟಿಯಲ್ಲಿ ಓದುತ್ತಿದ್ದಳು. ಅಪ್ಪ ಒಂದೊಂದಕ್ಕೂ ಒಂದು ಮಾತು ಸೇರಿಸುತ್ತಿದ್ದರು. ಮಗ ಇದನ್ನು ದಿನವೂ ಕೇಳುತ್ತಿದ್ದ. ಆದರೂ ಬೇಕಾದ ಹೊತ್ತಿನಲ್ಲಿ ಅದು ಅವನಿಗೆ ಹೊಳೆದಿರಲಿಲ್ಲ.

"ಮಾವ, ಬೋಳುತಲೆಗೆ ಎಣ್ಣೆಯಂತೆ. ಹಚ್ಚಿದ್ರೆ ಕೂದಲು ಗ್ಯಾರಂಟಿ."

"ಈಗ ಬಂದ್ರೆ ಬಾಚೋಕೆ ಬಾಚಣಿಗೆ ಬೇರೆ ಕೊಳ್ಬೇಕು. ಮುಂದಿನದು ಓದಮ್ಮ."

ಮುಂದಿನದನ್ನೂ ಅವಳು ಅದೇ ಧಾಟಿಯಲ್ಲಿ ಶುರುಮಾಡಿದಳು. "ಅಪ್ರಾಪ್ತರ ರಕ್ಷಣಾ ಕಾಯ್ದೆಯ ಪ್ರಕಾರ ನಿಮ್ಮ ಗುರುತಿನ ಚೀಟಿಯನ್ನು ಪರಿಶೀಲಿಸಲಾಗಿದೆ. ವಯಸ್ಕರ ವಿಡಿಯೋಗಳನ್ನು ನೋಡಲು ನಿಮಗೆ..." ಧ್ವನಿ ಅಲ್ಲಿಗೇ ನಿಂತಿತು.

"ವಯಸ್ಕರು ಅಂದ್ರೆ ಯಾರು ತಾತ?" ಎಂದು ಎಂಟು ವರ್ಷದ ಪುಟ್ಟಿ ಕೇಳಿದಳು.

"ಹಾಲು ಕುಡಿದು ಬೇಗ ಏಳೋರು" ಎಂದರು ಅಪ್ಪ. ಆಮೇಲೆ ಸೊಸೆಯತ್ತ ತಿರುಗಿ, "ತಟ್ಟೇಲಿರೋದೇ ನಂಗೆ ಸರಿಯಾಗಿ ಕಾಣಲ್ಲ, ಇನ್ನು ವಿಡಿಯೋ" ಎಂದು ನಕ್ಕರು. ಅವಳು ನಗಲಿಲ್ಲ.

ಹದಿನೆಂಟು ತುಂಬಿದ್ದಕ್ಕೆ ಪುರಾವೆ ಕೊಡದೆ ಯಾರೂ ಅಶ್ಲೀಲ ಸೈಟುಗಳನ್ನು ನೋಡುವಂತಿಲ್ಲವೆಂದು ಸರ್ಕಾರ ಹೊಸದಾಗಿ ಕಾಯ್ದೆ ಮಾಡಿತ್ತು. ಮಕ್ಕಳು ಮನೆಯ ದೊಡ್ಡವರ ಚೀಟಿಯನ್ನು ಕದ್ದು ಬಳಸಿದರೆ ತಿಳಿಯಲೆಂದು, ಚೀಟಿ ಯಾರದೋ ಅವರ ಫೋನಿಗೆ ಸಂದೇಶ ಹೋಗಬೇಕೆಂಬ ನಿಯಮವೂ ಅದರಲ್ಲಿತ್ತು. ಪುಟ್ಟಿಯ ಶಾಲೆಯ ಪೋಷಕರ ಸಭೆಯಲ್ಲಿ ಎದ್ದು ನಿಂತು ಇಂಥ ಕಾಯ್ದೆ ಬೇಕೇ ಬೇಕು ಎಂದು ಹೇಳಿದವನು ಇದೇ ಮಗ. ಆ ಮಾತನ್ನು ಮನಸಾರೆ ಹೇಳಿದ್ದ. ನಿನ್ನೆ ರಜೆಯ ಮಧ್ಯಾಹ್ನ, ಹೆಂಡತಿ ಮಗಳು ಹೊರಗೆ ಹೋಗಿದ್ದಾಗ, ಸೈಟು ಚೀಟಿ ಕೇಳಿತು. ತನ್ನ ಹೆಸರು ಎಲ್ಲೋ ದಾಖಲಾಗುವುದು ಬೇಡವೆನಿಸಿತು. ಆಸ್ಪತ್ರೆಗೆ ಬೇಕೆಂದು ತೆಗೆದಿದ್ದ ಅಪ್ಪನ ಚೀಟಿಯ ಫೋಟೋ ಅವನ ಫೋನಿನಲ್ಲೇ ಇತ್ತು. ಅಪ್ಪನನ್ನು ಯಾರು ಅನುಮಾನಿಸುತ್ತಾರೆ ಎಂದುಕೊಂಡ.

ಈಗ ಅಪ್ಪ ಅವನ ಕಡೆಗೆ ಮುಖ ಮಾಡಿ ಕಾಯುತ್ತಿದ್ದರು. ಅವನು ಲೋಟದ ತಳದಲ್ಲಿ ಉಳಿದ ಚಹಾಪುಡಿ ನೋಡುತ್ತಿದ್ದ.

"ನಾನೇ ಎಲ್ಲೋ ಏನೋ ಒತ್ತಿರಬೇಕು ಬಿಡಮ್ಮ" ಎಂದರು ಅಪ್ಪ.

ಅಡುಗೆಮನೆಯಲ್ಲಿ ಹೆಂಡತಿ ದನಿ ತಗ್ಗಿಸಿ ಹೇಳಿದಳು. "ಒತ್ತಿದ್ರೆ ಚೀಟಿ ತಾನಾಗೇ ಹೋಗುತ್ತೇನ್ರೀ? ಫೋಟೋ ಹಾಕಿ ಕಳಿಸ್ಬೇಕು. ದೊಡ್ಡವರು, ಅವರಿಷ್ಟ, ನಾನು ಬಾಯಿ ಬಿಡಲ್ಲ. ಆದ್ರೆ ಪುಟ್ಟಿ ಇನ್ಮೇಲೆ ಅವರ ರೂಮಲ್ಲಿ ಕೂತು ಓದೋದು ಬೇಡ."

"ಹೂಂ" ಎಂದ.

ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವನು ಹಿರಿಯ ರಸಾಯನಶಾಸ್ತ್ರಜ್ಞ. ಮಾದರಿಯ ಬಾಟಲಿಗೆ ಹೆಸರಿನ ಚೀಟಿ ಅಂಟಿಸುವವರು ಆ ಹೆಸರನ್ನು ಬಾಯಿಬಿಟ್ಟು ಹೇಳಬೇಕು, ಎದುರಿಗಿರುವವರು ಬಾಟಲಿ ನೋಡಿ ಹೂಂ ಅನ್ನಬೇಕು. ಇದು ಅವನೇ ತಂದ ಪದ್ಧತಿ. ಒಂದು ಬಾವಿಯ ಕೊಳೆಗೆ ಇನ್ನೊಂದು ಬಾವಿಯ ಹೆಸರು ಬಿದ್ದರೆ ಒಳ್ಳೆಯ ನೀರನ್ನು ಮುಚ್ಚಿಸಿ ಕೆಟ್ಟದ್ದನ್ನು ಕುಡಿಸಿದಂತಾಗುತ್ತದೆ ಎಂದು ಹೊಸಬರಿಗೆಲ್ಲ ಹೇಳುತ್ತಿದ್ದ.

"ಶಾಲೆ ಹಿಂದಿನ ಬಾವಿ" ಎಂದಳು ಸಹಾಯಕಿ, ಅಂದು ಮಧ್ಯಾಹ್ನ ಚೀಟಿ ಅಂಟಿಸುತ್ತ. ಅವನು ಬಾಟಲಿಯನ್ನೇ ನೋಡುತ್ತ ನಿಂತಿದ್ದ. "ಸಾರ್, ಹೂಂ ಅನ್ನಿ. ನೀವೇ ಮಾಡಿದ ರೂಲು. ನಾವು ಮರೆತ್ರೆ ಮಾತ್ರ ಬೈಸ್ಕೋಬೇಕಾ?"

ಅವನು ಹೂಂ ಎಂದ. ಬೆಳಗಿನ ಹೂಂ ನೆನಪಾಯಿತು.

ಸಂಜೆ ಅಪ್ಪನ ಕಣ್ಣಿಗೆ ಔಷಧಿ ಹಾಕುವುದು ಅವನ ಪಾಲಿನ ಕೆಲಸ. ಕೋಣೆಯಲ್ಲಿ ಪುಟ್ಟಿ ಕೂತು ಓದುವ ಸ್ಟೂಲು ಇರಲಿಲ್ಲ. ಮಂಚದ ಮೇಲೆ ಬಟ್ಟೆ ತುಂಬಿದ ಚೀಲವಿತ್ತು.

"ಸ್ವಲ್ಪ ದಿನ ನಿನ್ ತಂಗಿ ಮನೇಲಿ ಇದ್ದು ಬರ್ತೀನಿ. ಜಾಗ ಬದಲಾದ್ರೆ ಕಣ್ಣಿಗೂ ಒಳ್ಳೇದು."

"ಡಾಕ್ಟರು ಹಾಗಂದ್ರಾ?"

"ಡಾಕ್ಟರು ಎಲ್ಲಾನೂ ಹೇಳ್ತಾರಾ?"

ಅವನು ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಬಾಟಲಿ ಒತ್ತಿದ. ಹನಿ ಕೆನ್ನೆಗೆ ಬಿತ್ತು. ಇನ್ನೊಂದು ಹನಿ ಕಿವಿಯ ಕಡೆಗೆ ಹರಿಯಿತು.

"ಗೋಡೆ ನೋಡ್ಕೊಂಡು ಹಾಕಿದ್ರೆ ಹೀಗೇ ಆಗೋದು. ನನ್ನ ಕಣ್ಣು ನೋಡಿ ಹಾಕೋ."

ಅವನು ನೋಡಿದ. ಕೆಂಪಗಿದ್ದ ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಹನಿ ಸರಿಯಾಗಿ ಬಿತ್ತು.

"ಅಪ್ಪ, ನಿಮಗೆ ಗೊತ್ತಾಯ್ತಾ?"

"ನನ್ನ ಚೀಟಿ ಫೋಟೋ ಯಾರ ಹತ್ರ ಇದೆ ಅಂತ ನಂಗೆ ಗೊತ್ತಿಲ್ವೇನೋ? ಸಂಸಾರಸ್ಥ ನೀನು. ಇರ್ಲಿ, ನನ್ನ ತಲೆ ಮೇಲೇ ಇರ್ಲಿ."

ಬಾಗಿಲಲ್ಲಿ ಸದ್ದಾಯಿತು. ಪುಟ್ಟಿ ಹೊಸ್ತಿಲಿಗೆ ಕಾಲ್ಬೆರಳು ತಾಗಿಸಿ ನಿಂತಿದ್ದಳು. "ತಾತ, ಏಳರ ಮಗ್ಗಿ ಇಲ್ಲಿಂದ್ಲೇ ಒಪ್ಪಿಸ್ಲಾ? ಅಮ್ಮ ಒಳಗೆ ಹೋಗ್ಬೇಡ ಅಂದಿದಾಳೆ."

"ಹೇಳು ಮಗು, ಕಿವಿಗೇನಾಗಿಲ್ಲ" ಎಂದರು ಅಪ್ಪ.

ಅವನು ಮಗಳ ಪಕ್ಕದಿಂದ ಹಾದು ಅಡುಗೆಮನೆಗೆ ಹೋದ. ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು.

"ಆ ಚೀಟಿ ಕಳಿಸಿದ್ದು ನಾನು."

ಅವಳು ನಲ್ಲಿ ನಿಲ್ಲಿಸಿದಳು. ಕೋಣೆಯಿಂದ ಮಗ್ಗಿ ಕೇಳಿಸುತ್ತಿತ್ತು. "ನೋಡಿದ್ದು ಒಂದು ಕಡೆ ಇರ್ಲಿ" ಎಂದಳು ಕೊನೆಗೆ. "ಬೆಳಿಗ್ಗೆ ನಾನು ಪುಟ್ಟಿ ವಿಷಯ ಹೇಳ್ದಾಗ ಹೂಂ ಅಂದ್ರಲ್ಲ."

ಅವನು ತೊಳೆದಿಟ್ಟ ಲೋಟವೊಂದನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ.

"ಮಾವನ ಎದುರಿಗೆ ನಾನೀಗ ಯಾವ ಮುಖ ಇಟ್ಕೊಂಡು ಹೋಗ್ಲಿ?" ಕೈ ಒರೆಸಿಕೊಂಡು, ಹಜಾರದಲ್ಲಿದ್ದ ಸ್ಟೂಲನ್ನು ಎತ್ತಿಕೊಂಡು ಅವಳೇ ಮಾವನ ಕೋಣೆಗೆ ಹೋದಳು. ಅವಳು ಏನು ಹೇಳಿದಳೋ ಅವನಿಗೆ ಕೇಳಿಸಲಿಲ್ಲ. ಮಗ್ಗಿ ಸ್ವಲ್ಪ ಹೊತ್ತು ನಿಂತು, ಮತ್ತೆ ಮೊದಲಿನಿಂದ ಶುರುವಾಯಿತು.

ಮರುದಿನ ಪುಟ್ಟಿ ಶಾಲೆಗೆ ಹೋದ ಮೇಲೆ ಅವಳು ಮಾವನ ಫೋನನ್ನು ಗಂಡನ ಮುಂದಿಟ್ಟಳು. "ಇನ್ಮೇಲೆ ನೀವೇ ಓದಿ."

ಅವನು ತೆರೆದು ನೋಡಿದ. "ನಾಳೆ ನಲ್ಲೀಲಿ ನೀರು ಬರಲ್ವಂತೆ" ಎಂದು ಫೋನು ಕೆಳಗಿಟ್ಟ.

"ಎರಡು ಸಲ ಸದ್ದಾಯ್ತಲ್ಲೋ" ಎಂದರು ಅಪ್ಪ. "ಇನ್ನೊಂದೂ ಓದು."

ಅವನು ಮತ್ತೆ ಫೋನು ಎತ್ತಿಕೊಂಡ. "ನಿಮ್ಮ ಹೆಸರಿನಲ್ಲಿದ್ದ ವಯಸ್ಕರ ವಿಡಿಯೋ ಖಾತೆಯನ್ನು ಕೋರಿಕೆಯಂತೆ ಅಳಿಸಲಾಗಿದೆ" ಎಂದು ಒಂದಕ್ಷರ ಬಿಡದೆ ಓದಿದ. ಹೆಂಡತಿ ಕಿಟಕಿಯ ಕಡೆ ನೋಡುತ್ತಿದ್ದಳು.

"ಹೂಂ" ಎಂದರು ಅಪ್ಪ. "ಬಕೆಟ್ಟುಗಳನ್ನ ಇವತ್ತೇ ತುಂಬಿಸಿಡಿ."