ಡಾಕ್ಟರಮ್ಮನ ಕುರ್ಚಿ

ನರೀನ್ ಊರಿನ ಡಾಕ್ಟರು ಬುರುಲ್ಕಾನ್ ವಾಲಿಬಾಲ್ ಅಂಕಣಗಳಿದ್ದ ಒಳಾಂಗಣದ ಬಾಗಿಲಿನಿಂದ ಪ್ರಥಮ ಚಿಕಿತ್ಸೆಯ ಮೇಜಿನವರೆಗೆ ಮೂರನೆಯ ಸಲ ಹೆಜ್ಜೆ ಎಣಿಸಿದಳು. ನೂರಾ ಮೂವತ್ತು. ಆಂಬುಲೆನ್ಸ್ ಬಾಗಿಲಾಚೆಯೇ ನಿಲ್ಲಬೇಕು. ಮೇಜೋ, ನಾಲ್ಕು ಅಂಕಣ ದಾಟಿ, ಆ ತುದಿಯ ಗೋಡೆ ಪಕ್ಕದಲ್ಲಿ ಚಹಾ, ಎಣ್ಣೆಯಲ್ಲಿ ಕರಿದ ಬೊರ್ಸೊಕ್ ತಿಂಡಿ ಹೊತ್ತು ನಿಂತಿತ್ತು. ಅವಳಿಗೆಂದು ಇಟ್ಟ ಕುರ್ಚಿಗೆ ಉಣ್ಣೆಯ ಹಾಸು ಬೇರೆ! ಆಟಕ್ಕೆ ಇನ್ನು ಅರ್ಧ ಗಂಟೆ. ಅವಳ ಕಾಲು ಒಂದು ಕಡೆ ನಿಲ್ಲಲಿಲ್ಲ.

"ಬಾಗಿಲ ಹತ್ರ ಹಾಕಿ ಅಂದಿದ್ನಲ್ಲ ಅಣ್ಣಾ!"

ಪಂದ್ಯ ನಡೆಸುವ ತೊಕ್ತೊಸುನ್‌ಗೂ ಸಿಟ್ಟು ಬಂತು. "ಊರಿನ ಅರ್ಧ ಮಕ್ಕಳು ಹುಟ್ಟಿದ್ದು ನಿಮ್ಮ ಕೈಲಿ ಡಾಕ್ಟರಮ್ಮಾ. ನಿಮ್ಮನ್ನ ಬೂಟು ಬಿಡೋ ಕಡೆ ಕೂರಿಸಿದ್ರೆ ಜನ ನನ್ನ ಮುಖಕ್ಕೆ ಉಗೀತಾರೆ. ದೊಡ್ಡೋರ ಜಾಗ ಬಾಗಿಲಿಗೆ ದೂರ, ಗೊತ್ತಿಲ್ವಾ?"

ಗೊತ್ತಿತ್ತು. ಒಲ್ಲೆನೆಂದರೆ ಅವನಿಗೆ ಅವಮಾನ, ಕೂತರೆ ಯಾರದೋ ಪ್ರಾಣಕ್ಕೆ ಸಂಚಕಾರ. ಅತ್ತಿಂದಿತ್ತ ಅಡ್ಡಾಡುತ್ತಿದ್ದವಳು ತಟ್ಟನೆ ನಿಂತಳು.

"ನಿಮಗೆಷ್ಟು ವರ್ಷ ಅಣ್ಣಾ?"

"ಅರವತ್ತೊಂದು."

"ನಂಗೆ ಐವತ್ತೊಂಬತ್ತು. ದೊಡ್ಡೋರು ನಿಂತಿರೋವಾಗ ನಾನು ಅಲ್ಲಿ ಕೂರೋದಾ? ಛೇ!"

ಅವಳು ತೊಕ್ತೊಸುನ್‌ನ ರಟ್ಟೆ ಹಿಡಿದು ಕರೆದೊಯ್ದು, ಉಣ್ಣೆಯ ಹಾಸಿನ ಮೇಲೆ ಕೂರಿಸಿ, ಕೈಗೆ ಚಹಾ ಕೊಟ್ಟಳು. ಔಷಧದ ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ದಾಪುಗಾಲು ಹಾಕಿದಳು.

"ನಾನೆಷ್ಟು ಹೊತ್ತು ಇಲ್ಲಿ ಕೂರ್ಬೇಕು?" ಅವನು ಕೂಗಿದ.

"ಆಟ ಮುಗಿಯೋ ತನಕ!" ಅವಳು ಬೂಟುಗಳ ರಾಶಿಯನ್ನು ಕಾಲಲ್ಲೇ ಸರಿಸಿ ಚೀಲ ಬಿಚ್ಚಿದಳು. "ಮರ್ಯಾದೆ ನೀವು ನೋಡ್ಕೊಳ್ಳಿ ಅಣ್ಣಾ, ಮಂಡಿ ಮುರ್ಕೊಂಡೋರನ್ನ ನಾನು ನೋಡ್ಕೋತೀನಿ."