ದಾರದ ಕೆಳಗಿನ ಹಿತ್ತಲು

ಕೊರಳಿಗೆ ಏನೋ ತಾಗಿತು, ಜೇಡರ ಬಲೆಯಿರಬೇಕು ಎಂದು ಶೋಭಾರಾಣಿ ಕೈಯಾಡಿಸಿದಳು, ಬಲೆಯಲ್ಲ, ಬಿಗಿದ ದಾರ, ಕೆಂಪು ದಾರ, ನಿನ್ನೆ ಇರಲಿಲ್ಲ — ಅಕ್ಕಾ, ದಾರ ಜ್ವಾಕಿ, ಎಂದು ಮೇಸ್ತ್ರಿ ಸುಂಕೇಶ ಕಟ್ಟೆಯ ಮೇಲಿಂದ ಕೂಗಿದ — ಕರಿಬೇವಿಗೆಂದು ತಂದ ಅಕ್ಕಿ ತೊಳೆದ ನೀರು ಅರ್ಧ ಸೀರೆಗೇ ಹೋಯಿತು, ಒಲೆಯ ಮೇಲೆ ಬೇಳೆ ಉಕ್ಕುತ್ತಿರಬಹುದು, ಉಕ್ಕಲಿ. ಹಿತ್ತಲ ಕಟ್ಟೆಯ ಅಂಚಿನಿಂದ ಪಕ್ಕದ ಮನೆಯ ಗೋಡೆಯವರೆಗೆ ದಾರ ನೆಟ್ಟಗೆ ನಿಂತಿದೆ, ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡಿ ಕಟ್ಟಿದ್ದಾನೆ, ಇದರ ಕೆಳಗಿರುವುದೆಲ್ಲ ಸಂಜೆಗೆ ಮಣ್ಣಿನಡಿ. ಪಕ್ಕದ ಮರಿಬಸಪ್ಪ ಹೊಸ ಮನೆ ಕಟ್ಟುವಾಗ ಗರಸು ಮಣ್ಣು ಸುರಿಸಿ ತನ್ನ ಜಾಗವನ್ನು ಇವರ ಕಟ್ಟೆಯಷ್ಟು ಎತ್ತರ ಮಾಡಿಕೊಂಡ, ಅಂದಿನಿಂದ ಮಳೆ ಬಂದರೆ ಅವನ ಅಂಗಳದ ನೀರೆಲ್ಲ ಇಲ್ಲಿಗೇ, ಇಲ್ಲಿಂದ ಅಡುಗೆಮನೆಯ ಗೋಡೆಗೆ, ನೀರು ತೋಡಿ ತೋಡಿ ಸೊಂಟವೇ ತನ್ನದಲ್ಲ ಎನಿಸುತ್ತದೆ, ಆತ ಮೇಲೆ ನಿಂತು ನಗುತ್ತಾನೆ, ಏನ್ರಿ ಶೋಭಮ್ಮ, ನಿಮ್ಮ ಹಿತ್ತಲ ಬಾವಿ ಆಗೇತಿ, ಮೀನರ ಸಾಕ್ರಿ. ಗಂಡ ಹಾಲೇಶ ನಗಲಿಲ್ಲ, ಏರಿಸಿಬಿಡೋಣ, ಕಟ್ಟಿ ಮಟ್ಟಕ್ಕ ಮಣ್ಣು ಹಾಕಿಸೋಣ ಅಂದ. ಅಡ್ಡ ಗೋಡೆ ಕಟ್ಟಿಸಿ ಒಂದು ಮೋರಿ ಮಾಡಿದರೆ ಸಾಲದೇ ಎಂದು ಕೇಳಿದ್ದಳು, ಇದ್ದ ಗ್ವಾಡೀನ ಹೊಟ್ಟಿ ಬಿಟ್ಟು ನಿಂತೈತಿ, ಎಷ್ಟು ತಡಕೊಂತೈತಿ ಅದು? ಎಂದಿದ್ದ ಹಾಲೇಶ. ಕಾರಣ ಹೇಳಬೇಕಿತ್ತು, ಅವನಿಗೆ ಗೊತ್ತಿಲ್ಲವೇ, ಗುಂಡಿ ತೋಡಿದ್ದು ಅವನ ಕೈಯೇ ಅಲ್ಲವೇ, ಕರಿಬೇವಿನ ಆಚೆ ಬಚ್ಚಲ ನೀರು ಇಂಗುವಲ್ಲಿ ಆ ಚಪ್ಪಟೆ ಬಂಡೆ — ಹಲ್ಲು ಮೂಡದ ಕೂಸನ್ನ ಊರ ಹೊರಗ ಒಯ್ಯಬಾರದವ್ವ, ಮನಿ ತಂಪಿನ್ಯಾಗ ಇರಲಿ, ಎಂದು ಅತ್ತೆ ಸೆರಗಿನಲ್ಲಿ ಸುತ್ತಿ ಕೊಟ್ಟಿದ್ದು, ಕೂಸಿನ ತಣ್ಣನೆಯ ಹಿಮ್ಮಡಿ ಸೆರಗಿನ ಹೊರಗೇ ಉಳಿದಿತ್ತು, ತಾನೇ ಮುಚ್ಚಿದ್ದು, ಪುಟ್ಟ ಮಗಳು ಪಲ್ಲವಿ ಬಾಗಿಲಲ್ಲಿ ನಿಂತಿದ್ದಳು, ಆಮೇಲೆ ಗಂಡ ಹೆಂಡತಿ ಇಬ್ಬರೂ ಆ ಮಾತೆತ್ತಿಲ್ಲ. ಹಾಲೇಶ ಕತ್ತಲಲ್ಲೂ ಆ ಬಂಡೆ ಬಳಸಿಕೊಂಡೇ ನಡೆಯುತ್ತಾನೆ. ಇವಳು ಹೇಳಲಿ ಎಂದು ಅವನು, ಅವನು ಹೇಳಲಿ ಎಂದು ಇವಳು, ಇಷ್ಟರಲ್ಲಿ ಟ್ರ್ಯಾಕ್ಟರ್ ಓಣಿಗೆ ಬಂದೇಬಿಟ್ಟಿತು, ಹಿಂದಕ್ಕ ಬಾ, ಬಾ, ಬಾ ಎನ್ನುತ್ತಿದ್ದಾನೆ ಯಾರೋ, ಇದ್ದದ್ದು ಇದ್ದಂಗೇ ತಗ್ಗಿನಲ್ಲಿರಲಿ ಅಂದುಬಿಡಲೇ, ಜನ್ಮವಿಡೀ ನೀರು ತೋಡುತ್ತೇನೆ ಅಂದುಬಿಡಲೇ, ದಣಿದ ಬಾಯಿಗೆ ಅಷ್ಟೂ ಆಗುತ್ತಿಲ್ಲ.

ಹಾಲೇಶ ಮೇಸ್ತ್ರಿಗೆ ಬೆರಳು ತೋರಿಸುತ್ತಿದ್ದಾನೆ, ಮಣ್ಣು ಬೀಳೂಕಿಂತ ಮುಂಚೆ ಕರಿಬೇವು ಬೇರು ಸಮೇತ ಎತ್ತಿ ಮ್ಯಾಲಿಡು, ತುಳಸಿಕಟ್ಟಿ ಎತ್ತು, ಅರಿವಿ ಒಗಿಯೋ ಕಲ್ಲು ಎತ್ತು, ಎಲ್ಲ ಅಂದೆನಲ್ಲಪ್ಪ, ಏನೂ ಕೆಳಗ ಉಳಿಯೂದು ಬ್ಯಾಡ — ಅವನ ಬೆರಳು ಬಂಡೆಯ ಹತ್ತಿರ ಬಂದು ಮಡಚಿಕೊಂಡಿತು, ಅವಳು ಕಂಡಳು. ಆಗಲೇ ಪಲ್ಲವಿ ಇಳಿದು ಬಂದಿದ್ದಾಳೆ, ಅರ್ಧ ಹೆಣೆದ ಜಡೆ, ಬಾಚಣಿಗೆ ಕೂದಲಲ್ಲೇ, ಇಸ್ಕೂಲಿಗೆ ಹೊತ್ತಾಯಿತು ಬಾ ಇಲ್ಲಿ ಎನ್ನಬೇಕು, ಮಗಳು ಬಂಡೆಯ ಪಕ್ಕ ನಿಂತು ತಲೆಯೆತ್ತಿ ನೋಡುತ್ತಿದ್ದಾಳೆ, ನೆತ್ತಿಯ ಮೇಲೆ ದಾರ, ಬಿಗಿದ ದಾರ, ಅಲುಗದ ಕೆಂಪು ದಾರ, ಕೆಳಗೆ ಬಂಡೆ, ಮೇಲೆ ದಾರ —

ಅಪ್ಪಾ, ತಮ್ಮನ್ನ ಯಾವಾಗ ಎತ್ತತೀರಿ?